ಎತ್ತಿನ ಹೆಗಲು, ನನ್ನ ಕೈ

ಜಮಖಂಡಿ ಕಾಲೇಜಿಗೆ ಹೋಗೂ ನನ್ನ ಮೊಮ್ಮಗಳು ಶಾಂತಾ ಮೊನ್ನೆ ನನಗೊಂದು ಕೆಲಸ ಹಚ್ಚಿದ್ಲು. ಅಕಿ ಮಾಸ್ತರು ಮೈಮ್ಯಾಲಿನ ಅಂಗಗಳ ಹೆಸರನ್ನ ಹುಡುಗರಿಗೆ ಒಂದೊಂದು ಹಂಚಿಕೊಟ್ಟಾರಂತ. ಒಬ್ಬರಿಗೆ ಕಣ್ಣು, ಒಬ್ಬರಿಗೆ ಮೂಗು. ಆ ಶಬ್ದಕ್ಕ ಏನೇನು ಅರ್ಥ ಅದಾವ, ಅದು ಎಲ್ಲಿಂದ ಬಂತು, ಮನ್ಯಾಗಿನ ಹಿರ್ಯಾರನ್ನ ಕೇಳಿ ಬರಕೊಂಡು ಬರ್ರಿ ಅಂದಾರಂತ. ಶಾಂತಾನ ಪಾಲಿಗೆ ಹೆಗಲು ಬಂದಿತ್ತು. ಪೆನ್ನು ಹಿಡಕೊಂಡು ನನ್ನ ಮುಂದ ಕುಂತ್ಲು. ನಾನು ಎತ್ತಿನ ಮಾತು ತಗದೆ. ಸ್ವಲ್ಪ ಹೊತ್ತು ಕೇಳಿದ್ಲು, ಆಮ್ಯಾಲ ಪೆನ್ನು ಕೆಳಗಿಟ್ಟು, "ಎತ್ತಿಂದಲ್ಲ ಬೇ ಆಯಿ, ಮನಿಶ್ಯಾರದು ಹೇಳು" ಅಂದ್ಲು.

ಮನಿಶ್ಯಾರ ಹೆಗಲು ನನಗ ಆಮ್ಯಾಲ ನೆನಪಿಗೆ ಬರತೈತಿ. ಮೊದಲು ಬರೂದು ಎತ್ತಿಂದು. ದನದ ದವಾಖಾನಿ ಒಳಗ ತಲಿ ಬೆಳ್ಳಗಾಗೂ ಮಟ ದುಡದಾಕಿ ನಾನು. ಡಾಕ್ಟರಲ್ಲ, ಕಂಪೌಂಡರಲ್ಲ. ಕಸ ಹೊಡಿಯೂದು, ಸೂಜಿ ಕುದಿಸೂದು, ದನಾ ಹಿಡಿಯೂದು, ಸೆಗಣಿ ಬಳಿಯೂದು ನನ್ನ ಕೆಲಸ. ಈಗ ಈ ಕೆಲಸಕ್ಕ ಹೆಣ್ಣುಹುಡುಗ್ಯಾರು ಸೇರಾಕತ್ತಾರ, ನಮ್ಮ ಓಣಿಯ ಹುಡುಗಿ ಒಬ್ಬಾಕಿನೂ ಸೇರ್ಯಾಳ. ಅಂಥವರಿಗೆ ಅಂತ ಇದನ್ನ ಬರೀತೀನಿ. ನಾನು ನಾಕನೇತ್ತೆ ಮಟ ಸಾಲಿ ಕಲತಾಕಿ. ಒತ್ತು, ದೀರ್ಘ ತಪ್ಪಿದ್ರ ಶಾಂತಾ ತಿದ್ದತಾಳ. ಮಾತು ತಿದ್ದಬ್ಯಾಡ ಅಂತ ಅಕಿಗೆ ಹೇಳೇನಿ.

ಊರ ಹೆಸರು ಬರಿಯೂದಿಲ್ಲ. ಬೀಳಗಿ ಬಿಟ್ಟು ಮುಧೋಳದ ಕಡಿ ಬರೂವಾಗ ದಾರ್ಯಾಗ ಸಿಗೂ ಒಂದು ಊರು ಅಂತ ತಿಳಕೊಳ್ಳರಿ. ಈ ಕಥಿ ಒಳಗ ಬರೂ ಮಂದಿ ಒಂದಿಷ್ಟು ಇನ್ನೂ ಅಲ್ಲೇ ಅದಾರ. ಸಂತ್ಯಾಗ ಎದುರಾದ್ರ ನಮಸ್ಕಾರ ಮಾಡತಾರ.

ಮೊದಲು ಶಬ್ದದ ಮಾತು ಮುಗಸ್ತೀನಿ. ಹಳೇ ಪುಸ್ತಕದಾಗ ಇದು ಪೆಗಲ್ ಅಂತ ಇತ್ತಂತ. ಪಾಲು ಹಾಲಾದಂಗ, ಪುಲಿ ಹುಲಿಯಾದಂಗ, ಪೆಗಲು ಹೆಗಲಾತು ಅಂತ ಶಾಂತಾ ಹೇಳಿದ್ಲು. ಖರೇನ ಇರಬೇಕು. ನಮ್ಮ ದವಾಖಾನ್ಯಾಗ ಹೆಗಲಂದ್ರ ಎತ್ತಿನ ಡುಬ್ಬದ ಮುಂದ, ಕುತ್ತಿಗಿ ಮ್ಯಾಲ, ನೊಗ ಕೂಡೂ ಜಾಗ. ಕೈ ಅಗಲದಷ್ಟು ಇರತೈತಿ. ಎತ್ತಿನ ಬಾಳೇವು ಎಲ್ಲಾ ಅಲ್ಲೇ. ನೊಗ ಎತ್ತಿದ ಕೂಡಲೆ ತಾನ ತಲಿ ತಗ್ಗಿಸಿ ಬರೂ ಎತ್ತಿಗೆ "ಹೆಗಲು ಕೊಡತೈತಿ" ಅಂತಿದ್ರು. ನೊಗ ಜಾಡಿಸಿ ಒಗದು ನಿಂದರೂದಕ್ಕ "ಹೆಗಲು ಕಳಿತೈತಿ" ಅಂತಿದ್ರು. ಜೋಡಿ ಎತ್ತರಕ್ಕ ಸರಿ ಇದ್ರ "ಹೆಗಲು ಕೂಡೇತಿ". ಹೆಣಾ ಹೊರೂದಕ್ಕ ಹೆಗಲು ಕೊಡೂದು ಅಂತಾರಲ್ಲ, ಅದೂ ಎತ್ತಿನ ಕಡಿಂದ ಬಂದ ಮಾತು ಅಂತ ನನ್ನ ತಿಳುವಳಿಕಿ. ಮುಂದ ಇಬ್ಬರು, ಹಿಂದ ಇಬ್ಬರು, ಹೂಡಿದಂಗ ಹೋಗತಾರ. ಎತ್ತು ದಿನಾ ಕೊಡತೈತಿ, ಮನಿಶ್ಯಾ ಯಾವಾಗರ ಒಮ್ಮೆ ಕೊಟ್ಟು ಊರೆಲ್ಲ ಹೇಳಕೊಂಡು ಬರತಾನ. ಇಷ್ಟ ಫರಕು.

ನನ್ನ ಗಂಡ ಅದ ದವಾಖಾನ್ಯಾಗ ಜವಾನ ಇದ್ದ. ಕಾಮಣಿ ಬ್ಯಾನಿ ಆಗಿ ಸತ್ತ. ಮಗಳು ಇನ್ನೂ ಎದಿಹಾಲು ಬಿಟ್ಟಿರಲಿಲ್ಲ. ಅವನ ಜಾಗ ನನಗ ಕೊಟ್ರು. ಸರಕಾರಿ ನೌಕರಿ, ಪುಣ್ಯಾ ಮಾಡಿದ್ದಿ ಅಂತ ಮಂದಿ ಅಂದ್ರು, ಗಂಡ ಸತ್ತದ್ದಕ್ಕ ಬಹುಮಾನ ಬಂದಂಗ. ಆದ್ರ ಯಾವ ಕಾರಣಕ್ಕ ನೌಕರಿ ಸಿಕ್ಕಿತ್ತೋ ಅದ ಕಾರಣಕ್ಕ ಆ ನೌಕರಿಯ ಮುಖ್ಯ ಕೆಲಸಕ್ಕ ನನ್ನ ಕೈ ಹಚ್ಚಗೊಡಲಿಲ್ಲ.

ನಮ್ಮದು ಕಬ್ಬಿನ ಸೀಮಿ. ಕಬ್ಬು ಕಡಿಯೂ ಕಾಲ ಬಂತಂದ್ರ ಫ್ಯಾಕ್ಟರಿ ದಾರಿ ತುಂಬ ಟಾಯರ್ ಗಾಡಿ. ಮನಿ ಎತ್ತರ ಹೇರತಿದ್ರು. ಎಳದು ಎಳದು ಎತ್ತಿನ ಹೆಗಲು ಬಾವು ಬರತಿತ್ತು. ನೊಗ ಬಿಡದಿದ್ರ ಬಾವು ಒಡೀತಿತ್ತು, ಕೀವು ಆಗತಿತ್ತು, ನೊಣ ಕುಂತು ಹುಳಾ ಬೀಳತಿದ್ವು. ಆ ಕಾಲದಾಗ ದವಾಖಾನಿ ಬಾಗಲಕ್ಕ ಬರೂ ದನಾ ಅಂದ್ರ ಬರೇ ಹೆಗಲ ಕೆಟ್ಟ ಎತ್ತು.

ನಾನು ಮೊದಲನೇ ಎತ್ತಿನ ಹೆಗಲಿಗೆ ನೀರು ಹಾಕಾಕ ಹೋದಾಗ ಅದರ ಮಾಲಕ, ಒಬ್ಬ ಮುದುಕ, ಹಗ್ಗ ಜಗ್ಗಿ ಎತ್ತನ್ನ ಹಿಂದ ಸರಿಸಿದ. ಯಾಕ್ರಿ ಮುತ್ಯಾ ಅಂದೆ. ಅವ ನನ್ನ ಬಿಟ್ಟು ಡಾಕ್ಟರ ಕಡಿ ತಿರುಗಿ, "ನೊಗ ಅಂದ್ರ ಎತ್ತಿನ ತಾಳಿ ಇದ್ದಂಗ್ರಿ ಸಾಹೇಬರ. ಆ ಜಾಗಕ್ಕ ಗಂಡ ಸತ್ತಾಕಿ ಕೈ ಬಿದ್ರ ಬಿತ್ತಿಗಿ ಆಗೂದಿಲ್ಲ" ಅಂದ.

ಡಾಕ್ಟರು ಗಿಡ್ಡ ಮನಿಶ್ಯಾ, ಕೆಟ್ಟವರಲ್ಲ, ಪುಕ್ಕಲ. ನನ್ನ ಮುಖಾ ನೋಡದ, "ನೀ ಕಸ ಹೊಡಿ ಹೋಗವಾ, ಊರ ಮಂದಿ ಜೋಡಿ ಜಗಳ ನನಗ ಬ್ಯಾಡ" ಅಂದ್ರು. ಅವತ್ತಿನಿಂದ ಅದ ಕಾಯದೆ ಆತು. ಯಾರೂ ಬರದು ಗ್ವಾಡಿಗೆ ಹಚ್ಚಲಿಲ್ಲ, ಆದ್ರ ಬರದ ಕಾಯದೆಕಿಂತ ಗಟ್ಟಿ ನಡೀತು.

ಎಮ್ಮಿ ಕೆಚ್ಚಲಿಗೆ ನನ್ನ ಕೈ ನಡೀತಿತ್ತು. ಆಡಿನ ಹೊಟ್ಟಿಗೆ, ನಾಯಿ ಕಿವಿಗೆ, ಕೋಳಿ ಕಾಲಿಗೆ ನಡೀತಿತ್ತು. ಅದ ಎತ್ತಿನ ಗೊರಸು ಕೊಳತಿದ್ರ ನಾನ ತೊಳೀಬೇಕು, ಬಾಲದಾಗ ಹುಳಾ ಬಿದ್ರ ನಾನ ಆರಿಸಬೇಕು. ನಾತ ಬರೂ ಜಾಗಕ್ಕ ಯಾರ ಕೈಯಾದ್ರೂ ನಡೀತೈತಿ. ಹೆಗಲಿಗೆ ಹಚ್ಚೂ ಮುಲಾಮನ್ನ ಒಳಗ ಕುಂತು ನಾನ ಕಲಸತಿದ್ದೆ, ಬೆರಳಿಲೆ. ಅದನ್ನ ಕಂಪೌಂಡರ ಹಣಮಂತಪ್ಪ ಒಯ್ದು ಹಚ್ಚತಿದ್ದ. ಆಗ ಬಿತ್ತಿಗಿ ಕೆಡತಿರಲಿಲ್ಲ.

ಹಣಮಂತಪ್ಪಗ ಎತ್ತಿನ ಕೋಡು ಕಂಡ್ರ ಅಂಜಿಕಿ. ಕಟಗಿ ತುದಿಗೆ ಅರಿವಿ ಸುತ್ತಿ, ಮಾರು ದೂರ ನಿಂತು, ಗ್ವಾಡಿಗೆ ಸುಣ್ಣಾ ಬಳದಂಗ ಬಳೀತಿದ್ದ. ಹುಣ್ಣು ತೊಳಿಯೂದು ಅವನ ಜಾತಕದಾಗ ಇರಲಿಲ್ಲ. ನೀಲಿ ಔಷಧ ಅಂತ ಒಂದು ಬರತಿತ್ತು. ಅದನ್ನ ಹಚ್ಚಿದ್ರ ಹುಣ್ಣು ಕಾಣೂದಿಲ್ಲ, ನೀಲಿ ಕಾಣತೈತಿ. ಒಕ್ಕಲಿಗಗೂ ಸಮಾಧಾನ, ಇವನಿಗೂ ಸಮಾಧಾನ. ಒಳಗ ಕೀವು ತನ್ನ ಪಾಡಿಗೆ ತಾನು ಇಳೀತಿತ್ತು. ಒಮ್ಮೆ ಮ್ಯಾಲಿನ ಸಾಹೇಬರು ನೋಡಾಕ ಬರತಾರ ಅಂತ ಸುದ್ದಿ ಬಂತು. ಹಣಮಂತಪ್ಪ ಬಾಗಲದಾಗ ನಿಂತ ಎಲ್ಲಾ ಎತ್ತಿನ ಹೆಗಲಿಗೂ ನೀಲಿ ಬಳದ. ಕೆಟ್ಟಿದ್ದಕ್ಕೂ ಬಳದ, ಕೆಡದಿದ್ದಕ್ಕೂ ಬಳದ. ಬರೇ ಲಸಿಕಿಗೆ ಬಂದ ಒಬ್ಬಾಂವ ಜಗಳಕ್ಕ ನಿಂತ. "ಕಾರಹುಣ್ಣಿಮಿ ಹ್ವಾದ ತಿಂಗಳ ಮುಗದೈತೆಲ್ಲೋ ಹಣಮಂತಪ್ಪಾ, ಈಗ್ಯಾಕ ಬಣ್ಣಾ" ಅಂತ ನಾನು ಕೇಳಿದೆ. ಸಾಹೇಬರು ಬಂದ್ರು, ಸಾಲಾಗಿ ನೀಲಿ ಹೆಗಲು ನೋಡಿದ್ರು, ಕೆಲಸ ಭಾಳ ಛಲೋ ನಡದೈತಿ ಅಂದು ಚಾ ಕುಡದು ಹ್ವಾದ್ರು. ಹುಡುಗ್ಯಾರ, ಕೇಳ್ರಿ. ಔಷಧದ ಬಣ್ಣಕ್ಕ ಮರುಳಾಗಬ್ಯಾಡ್ರಿ. ಮೊದಲು ಪೊಟ್ಯಾಶ್ ಕಲಸಿದ ಕೆಂಪ ನೀರಿಲೆ ತೊಳೀರಿ, ತಳಾ ಕಾಣೂ ಮಟ ತೊಳೀರಿ, ಆಮ್ಯಾಲ ಯಾವ ಬಣ್ಣನರ ಹಚ್ಚರಿ.

ನಾ ಸೇರೂಕಿಂತ ಮೊದಲು ಬರಿ ಹಾಕತಿದ್ರು. ಕಾಸಿದ ಕಬ್ಬಿಣಲೆ ಬಾವಿನ ಮ್ಯಾಲ ಗೆರಿ ಎಳದ್ರ ಇಳೀತೈತಿ ಅಂತ. ಬಾವಿನ ಜೋಡಿ ಚರ್ಮಾನೂ ಹೋಗತಿತ್ತು. ಅದು ಕಡಿಮಿ ಆತು ಅನ್ನೂದ್ರಾಗ ಸೈಕಲ್ ಟ್ಯೂಬ್ ಬಂತು. ಇದು ನಮ್ಮ ಗಾಡಿಯವರ ಶಾಣ್ಯಾತನ. ನೊಗ ಬಿರುಸು ಇರತೈತಿ, ಮೆತ್ತಗಾಗಲಿ ಅಂತ ಹಳೇ ಟ್ಯೂಬ್ ಸೀಳಿ ನೊಗಕ್ಕ ಸುತ್ತತಿದ್ರು. ಎತ್ತಿನ ಮ್ಯಾಲಿನ ಕರುಣಾದಿಂದನ ಮಾಡತಿದ್ರು, ಅದನ್ನ ಅಲ್ಲಗಳಿಯೂದಿಲ್ಲ. ಬಿಸಲಾಗ ರಬ್ಬರ ಕಾದು, ಬೆವರು ಆರಗೊಡದ, ಚರ್ಮಾ ಬೇಸತಿತ್ತು. ಸಂಜೀಕ ನೊಗ ಇಳಿಸಿದ್ರ ಟ್ಯೂಬಿಗೆ ಕೂದಲ ಸಮೇತ ಚರ್ಮ ಅಂಟಿಕೊಂಡು ಬರತಿತ್ತು. ಹಳೇ ಅರಿವಿ ಸುತ್ತರಿ, ದಿನಾ ಒಗದು ಸುತ್ತರಿ ಅಂತ ಹೇಳಿ ಹೇಳಿ ಬಾಯಿ ಒಣಗಿತು. ಯಾರೂ ಕೇಳಲಿಲ್ಲ. ಟ್ಯೂಬ್ ಹೊಸಾ ಕಾಲದ್ದು, ಅರಿವಿ ಹಳೇ ಕಾಲದ್ದು.

ಶಿವಪ್ಪ ಅನ್ನೋ ಒಕ್ಕಲಿಗನ ಎತ್ತಿಗೂ ಅದ ಆಗಿತ್ತು. ಶಿವಪ್ಪ ಸಂಭಾವಿತ. ಅವನ ಹೆಂಡತಿ ಗಂಗವ್ವ ನನ್ನ ವಯಸ್ಸಿನ ವಾರಿಗಿಯಾಕಿ, ನಾಲಿಗಿ ಚೂಪು. ಇಬ್ಬರೂ ಎತ್ತು ಹೊಡಕೊಂಡು ಬಂದಾಗ ಡಾಕ್ಟರು ಬ್ಯಾರೆ ಊರಿಗೆ ಹೋಗಿದ್ರು, ಹಣಮಂತಪ್ಪ ಮಗಳ ನಿಶ್ಚೆಕ್ಕ ರಜಾ ಹಾಕಿದ್ದ. ನಾನೊಬ್ಬಾಕಿನ ಇದ್ದೆ. ಹೆಗಲ ತುಂಬ ಹುಳಾ ಮಿಜಿಗುಡತಿದ್ವು. ಟರ್ಪಂಟೈನ್ ಹಾಕಿ ಹುಳಾ ತಗದು ತೊಳದು ಕೊಡತೀನಿ, ನಾಳೆ ಡಾಕ್ಟರು ನೋಡತಾರ ಅಂದೆ. ಶಿವಪ್ಪ ನೆಲಾ ನೋಡಕೋತ ನಿಂತ. ತಪ್ಪ ತಿಳಕೋಬ್ಯಾಡ ಯಕ್ಕಾ, ಒಕ್ಕಲತನದ ಮಾತು ಅಂದ. ಗಂಗವ್ವ ನೆಲಾ ನೋಡಲಿಲ್ಲ. ನನ್ನ ಹಣಿ ನೋಡಿದ್ಲು.

"ಗಂಡನ್ನ ತಿಂದ ಕೈ ಎತ್ತಿಗ್ಯಾಕ ಬೇ?" ಅಂದ್ಲು.

ಹೊಡಕೊಂಡು ಹ್ವಾದ್ರು. ಹಣಮಂತಪ್ಪ ನಿಶ್ಚೆ ಊಟ ಮುಗಿಸಿ ಬರೂದ್ರಾಗ ಹುಳಾ ಎಲುವಿಗೆ ಇಳದಿದ್ವು. ಆ ಎತ್ತು ಮತ್ತ ನೊಗಕ್ಕ ಬರಲಿಲ್ಲ. ನನಗ ಹೊಟ್ಟಿ ಉರೀತು ಖರೆ, ಎತ್ತಿನ ಸಲುವಾಗಿ ಅಲ್ಲ. ಆ ಮಾತನ್ನ ಗಂಡಸು ಅಂದಿದ್ರ ಇಷ್ಟು ಉರೀತಿರಲಿಲ್ಲ.

ಮುಂದ ಗಿಡ್ಡ ಡಾಕ್ಟರು ವರ್ಗ ಆದ್ರು, ಹಣಮಂತಪ್ಪ ನಿವೃತ್ತಿ ಆದ. ಕುಪ್ಪಿ ಸೂಜಿ ಹೋಗಿ ಒಮ್ಮೆ ಚುಚ್ಚಿ ಒಗಿಯೂ ಸೂಜಿ ಬಂದ್ವು. ಟ್ರ್ಯಾಕ್ಟರು ಬಂದ್ವು, ಗಾಡಿ ಕಡಿಮಿ ಆದ್ವು. ಕಂಪೌಂಡರ ಜಾಗ ಖಾಲಿನ ಉಳೀತು. ಹೊಸಾ ಡಾಕ್ಟರು ಹುಡುಗ ಮನಿಶ್ಯಾ. ಅವರು ಬಂದ ಮೊದಲನೇ ದಿನಾನ ಹೆಗಲಿನ ಮಾತು ತಿಳಿಸಿ ಹೇಳಿದೆ. ಸರಕಾರದ ಕೈಗೆ ಗಂಡ ಇರತಾನೇನ್ರೀ ಅಂತ ನಕ್ಕು, ಬ್ಯಾಡ ಅಂದವರು ಬ್ಯಾರೆ ದವಾಖಾನಿ ನೋಡಕೊಳ್ಳಲಿ ಅಂದ್ರು. ಒಕ್ಕಲಿಗರು ಖರೇನ ಬ್ಯಾರೆ ಕಡಿ ನೋಡಕೊಂಡ್ರು. ಮೂರು ನಾಕು ಹರದಾರಿ ಹೊಡಕೊಂಡು ಹೋದವರೂ ಅದಾರ. ಹಿಂಗಾಗಿ ಕೈ ಹಚ್ಚಾಕ ಅಡ್ಡಿ ಇರಲಿಲ್ಲ, ಹಚ್ಚಿಸಿಕೊಳ್ಳಾಕ ಎತ್ತಿರಲಿಲ್ಲ.

ಅಂಥಾದ್ರಾಗ ಒಂದು ಮುಂಜಾನಿ ಗಂಗವ್ವ ಬಂದು ಗೇಟಿನ ಹೊರಗ ನಿಂತ್ಲು. ಹಿಂದ ಒಂದು ಎತ್ತು. ಒಳಗ ಬರವಲ್ಲಳು, ಹೋಗವಲ್ಲಳು. ಹಣಿ ಬೋಳು ಇತ್ತು. ಶಿವಪ್ಪ ಸತ್ತ ಸುದ್ದಿ ನನಗ ಮೊದಲ ಗೊತ್ತಿತ್ತು. ಕಬ್ಬಿನ ಟ್ರ್ಯಾಕ್ಟರ ಹಳ್ಳದಾಗ ಬಿದ್ದು ಹೋಗಿದ್ದ. ಮಕ್ಕಳಿರಲಿಲ್ಲ.

ಕಸಬರಗಿ ಹಿಡಕೊಂಡ ನಾನು ಹೊರಗ ಹ್ವಾದೆ. ಮಾತಾಡಿಸಬಾರದು ಅಂತನ ಇದ್ದೆ. ಎತ್ತಿನ ಹೆಗಲು ನೋಡಿದ ಮ್ಯಾಲ ಬಾಯಿ ಸುಮ್ಮನಿರಲಿಲ್ಲ. ಯಾವ ಸುಡಗಾಡು ಜೋಡಿಗೆ ಹೂಡಿದ್ರಿ ಇದನ್ನ ಅಂದೆ.

ಅಕಿ ಹೇಳಿದ್ದು ಇಷ್ಟು. ಆ ಎತ್ತು ಅಕಿ ತವರಮನ್ಯಾವ್ರು ಕೊಟ್ಟ ಹೋರಿಗರ, ಅಕಿ ಕೈಯಾಗ ಬೆಳದದ್ದು. ಗಂಡ ಸತ್ತ ಮ್ಯಾಲ ಮೈದುನ ರಾಮಪ್ಪ ಅದನ್ನ ಒಯ್ದು ತನ್ನ ಎತ್ತರದ ಎತ್ತಿನ ಜೋಡಿ ಹೂಡಿದ್ದ. ಹೆಗಲು ಕೂಡದ ಜೋಡಿ. ಭಾರೆಲ್ಲ ಗಿಡ್ಡ ಎತ್ತಿನ ಮ್ಯಾಲ ಬಿತ್ತು, ಹೆಗಲು ಬಾತು ಕೀವಾತು. ಈಗ ಮೂಲ್ಯಾಗ ನಿಂತು ಮೇವು ತಿನ್ನೂ ಎತ್ತು ಯಾಕ ಬೇಕು, ಕಸಾಯಿಗೆ ಹೊಡಿತೀನಿ ಅನ್ನಾಕತ್ತಿದ್ದ. ಓಣ್ಯಾಗ ಇನ್ನೊಬ್ಬ ಬಡವನ ಹತ್ರ ಒಂಟಿ ಎತ್ತಿತ್ತು. ಇದರ ಹೆಗಲು ಮಾದ್ರ ಎರಡೂ ಕೂಡಿಸಿ ಇಬ್ಬರ ಹೊಲಾನೂ ಹರಗೂದು, ಬಿತ್ತೂದು ಅಂತ ಆ ಬಡವನ ಜೋಡಿ ಗಂಗವ್ವನ ಮಾತಾಗಿತ್ತು. ಎತ್ತು ಉಳದ್ರ ಗಂಡನ ಪಾಲಿನ ಹೊಲ ಅಕಿ ಕೈಯಾಗ ಉಳೀತಿತ್ತು. ಎತ್ತು ಹ್ವಾದ್ರ ಹೊಲ ರಾಮಪ್ಪಗ ಲಾವಣಿಗೆ, ಅಂದ್ರ ಗೇಣಿಗೆ, ಕೊಡಬೇಕಾಗತಿತ್ತು. ಅವನ ಕೈಗೆ ಹ್ವಾದ ಲಾವಣಿ ಹೊಲ ತಿರುಗಿ ಬಂದದ್ದನ್ನ ಊರಾಗ ಯಾರೂ ಕಂಡಿರಲಿಲ್ಲ.

ಡಾಕ್ಟರು ನೋಡಿದ್ರು. ಬಾವು ಕೊಯ್ದು ಕೀವು ತಗದ್ರು, ಒಂದು ತಂಬಿಗಿ ತುಂಬ ಬಂತು. ಇನ್ನ ದಿನಾ ತೊಳದು ಔಷಧದ ಅರಿವಿ ಬತ್ತಿ ಇಡಬೇಕು, ಹುಣ್ಣು ತಳದಿಂದ ಮಾದು ಬರಬೇಕು, ಅಲ್ಲೀ ಮಟ ನೊಗ ಸೋಕಬಾರದು ಅಂದು ಒಳಗ ಹ್ವಾದ್ರು. ತೊಳಿಯಾಕ ಬ್ಯಾರೆ ಯಾರೂ ಇಲ್ಲ, ನಾನು ಇದ್ದೆ. ಕೆಂಪ ನೀರಿನ ಬಕೀಟು ತಂದು ಗಂಗವ್ವನ ಮುಂದ ಇಟ್ಟೆ.

"ನನ್ನ ಕೈ ಬ್ಯಾಡ ಅಂದಾಕಿ ನೀನು. ನಿನ್ನ ಕೈಲೆ ತೊಳಿ."

ಅಕಿ ಎರಡೂ ಕೈ ಹಿಂದ ಕಟಗೊಂಡ್ಲು. "ನಾ ಮುಟ್ಟಿದ್ರ ಹೆಂಗ ಯಕ್ಕಾ..."

"ಮುಟ್ಟಿದ್ರ ಏನಾಗತೈತಿ? ಗಂಡ ಸಾಯತಾನೇನು?"

ಇದನ್ನ ನಾನು ಸಿಟ್ಟಿಲೆನ ಅಂದೆ. ಅಕಿ ನನ್ನ ಮುಖಾ ನೋಡಿದ್ಲು. ಅಳತಾಳ ಅಂತ ತಿಳದೆ. ಅಕಿ ನಕ್ಳು, ಮೂಗು ಸೋರೂ ಹಂಗ ನಕ್ಳು. ನನಗೂ ತಡೀಲಿಲ್ಲ. ಡಾಕ್ಟರು ಕಿಡಕ್ಯಾಗ ಇಣಕಿ ನೋಡಿದ್ರು, ಇಬ್ಬರು ಮುದುಕ್ಯಾರು ಕೊಳತ ಎತ್ತಿನ ಮುಂದ ನಿಂತು ನಗೂದು ಎಂಥಾದ್ದಂತ ಅವರಿಗೆ ತಿಳೀಲಿಲ್ಲ.

ಅವತ್ತಿನಿಂದ ದಿನಾ ಬಂದ್ಲು. ಅಕಿ ತೊಳೀತಿದ್ಲು, ನಾನು ಬತ್ತಿ ಇಡತಿದ್ದೆ. ಮುಲಾಮನ್ನ ಬೆರಳಿಲೆ ಹಚ್ಚಿದ್ರ ತಿಳೀತೈತಿ, ಎಲ್ಲಿ ಬಿಸಿ ಐತಿ, ಎಲ್ಲಿ ಇನ್ನೂ ಪೊಳ್ಳ ಐತಿ ಅಂತ. ಇಷ್ಟು ವರ್ಷ ಮುಲಾಮು ಕಲಸಿದಾಕಿಗೆ ಅದು ಹೆಗಲಿಗೆ ಹೆಂಗ ಹತ್ತತೈತಿ ಅನ್ನೂದು ನಿವೃತ್ತಿ ಹತ್ರ ಬಂದಾಗ ಗೊತ್ತಾತು. ಶಿವಪ್ಪ ಇದ್ದಾಗ ಅಂದ ಮಾತಿನ ಸುದ್ದಿ ಅಕಿ ತಗೀಲಿಲ್ಲ, ನಾನೂ ತಗೀಲಿಲ್ಲ. ಮಾಫಿ ಕೇಳಿದ್ರ ಕೊಡತಿದ್ದೆನೋ ಇಲ್ಲೋ ಗೊತ್ತಿಲ್ಲ. ಅಕಿ ಮಡಿಲಾಗ ಶೇಂಗಾ ತರತಿದ್ಲು, ಇಬ್ಬರೂ ಒಡದು ತಿಂತಿದ್ವಿ.

ಹುಣ್ಣು ತಳದಿಂದ ಕೆಂಪಾಗಿ ಬಂತು, ಚರ್ಮ ಕೂಡೀತು, ಆಮ್ಯಾಲ ಸಣ್ಣ ಸಣ್ಣ ಬಿಳೇ ಕೂದಲ. ಬಡವನ ಒಂಟಿ ಎತ್ತನ್ನ ಕರಕೊಂಡು ಬಂದು ಎತ್ತರ ಹಚ್ಚಿ ನೋಡಿದ್ವಿ. ಹೆಗಲು ಕೂಡಿತ್ತು. ಗಂಗವ್ವ ಊರ ತುಂಬ ಹೇಳಕೊಂಡು ಅಡ್ಡಾಡಿದ್ಲು. ಅದ ಕೆಟ್ಟಾತು.

ರಾಮಪ್ಪ ಬಂದು ಎತ್ತು ನೋಡಿದ. ಯಾರ ಕೈಗುಣ ಅಂತ ಕೇಳಿದನಂತ. ಗಂಗವ್ವ ಎದಿ ಸೆಟಿಸಿ, ದವಾಖಾನಿ ಯಕ್ಕಂದು ಮತ್ತ ನಂದು ಅಂದ್ಲಂತ. ಅಂವ ಹೌಹಾರಿದಂಗ ಮಾಡಿ, ಗಂಡ ಸತ್ತಾರು ಇಬ್ಬರೂ ಕೈ ಹಾಕಿದ ಹೆಗಲು ನಮ್ಮ ಸೀಮಿ ಒಳಗ ಹೂಡಾಕ ಬರೂದಿಲ್ಲ, ಬಿತ್ತಿಗಿ ಕೆಡತೈತಿ ಅಂತ ದೈವದ ಮುಂದ, ಊರ ಹಿರ್ಯಾರು ಕೂಡಿದಲ್ಲಿ, ಹೇಳಿದ. ದೈವದವರು ಗೋಣು ಹಾಕಿದ್ರು. ಆ ಬಡವನೂ ಅಂಜಿ ಮಾತು ಹಿಂದ ತಗೊಂಡ. ರಾಮಪ್ಪ ಇಷ್ಟು ದಿನ ಮೇವು ಹಾಕಿದಂವ ನಾನು ಅಂತ ಎತ್ತಿನ ಹಗ್ಗ ಬಿಚ್ಚಿಕೊಂಡು ಹ್ವಾದ. ಕೀವು ಸೋರೂವಾಗ ಅದನ್ನ ಕಸಾಯಿ ಬಿಟ್ರ ಯಾರೂ ಕೇಳತಿರಲಿಲ್ಲ. ಈಗ ಸಂತ್ಯಾಗ ಅದಕ್ಕ ಹೂಡೂ ಎತ್ತಿನ ಬೆಲಿ. ನಾವ ಹಂಗ ಮಾಡಿದ್ವಿ.

ಅಂವ ಜಮಖಂಡಿ ಕಡಿ ದನದ ಸಂತಿಗೆ ಅದನ್ನ ಮಾರಾಕ ಹೊಡಕೊಂಡು ಹ್ವಾದ ದಿನಾನ, ಅದ ಸಂತಿಗೆ ಕಾಲುಬಾಯಿ ಬ್ಯಾನಿ ಲಸಿಕಿ ಹಾಕಾಕ ನಮ್ಮ ದವಾಖಾನ್ಯಾವ್ರನ್ನ ಕಳಿಸಿದ್ರು. ನಾನು ಸೂಜಿ ಡಬ್ಬಿ ಹಿಡಕೊಂಡು ಡಾಕ್ಟರ ಹಿಂದ ಅಡ್ಡಾಡತಿದ್ದೆ. ಬೇವಿನ ಗಿಡದ ಕೆಳಗ ರಾಮಪ್ಪ ನಿಂತಿದ್ದ, ಕೋಡಿಗೆ ಎಣ್ಣಿ ಹಚ್ಚಿ, ಕೊಳ್ಳಿಗೆ ಹೊಸಾ ಗಂಟಿ ಕಟ್ಟಿ. ಕೊಳ್ಳಾಂವ ಹೊಳಿ ಆಚಿ ಕಡಿಂದ ಬಂದ ಗಾಡಿಯವ. ಇಬ್ಬರ ಕೈ ಟವೆಲ್ ಕೆಳಗ ಇದ್ವು, ಬೆರಳು ಹಿಡದು ದರದ ಮಾತು ನಡದಿತ್ತು. ಮಾತು ಮುಗೀತು ಅನ್ನೂದ್ರಾಗ ಗಾಡಿಯವ ಹೆಗಲ ಮ್ಯಾಲಿನ ಬಿಳೇ ಕೂದಲ ನೋಡಿ ಕೈ ಹಿಂದ ತಗೊಂಡ. ಏನರ ಆಗಿತ್ತೇನು, ಹೆಗಲು ಮುಟ್ಟಿ ಹೇಳ್ರಿ ಅಂದ. ಎತ್ತಿನ ಹೆಗಲ ಮ್ಯಾಲ ಕೈ ಇಟ್ಟು ಸುಳ್ಳು ಹೇಳಿದ್ರ ಮನಿತನ ಉಳಿಯೂದಿಲ್ಲ ಅಂತಾರ ನಮ್ಮ ಕಡಿ. ರಾಮಪ್ಪ ಕೈ ಇಟ್ಟ. ಹುಟ್ಟಿದಾಗಿಂದ ಏನೂ ಆಗಿಲ್ಲರಿ ಅಂದ. ಕೆಟ್ಟ ಕೈ ಸೈತ ಬಿದ್ದಿಲ್ಲ ಅಂತ ಮ್ಯಾಲ ಸೇರಿಸಿದ.

ಆಗ ನನಗ ಒಂದು ವಿಚಾರ ಹೊಳೀತು. ಇಡೀ ಬಾಳೇವು ಯಾವ ಮಾತಿಲೆ ನನ್ನ ಹೊಡದ್ರೋ ಅದ ಮಾತಿಲೆ ಇವನ್ನ ಹೊಡೀಬಹುದು. ಸಂತ್ಯಾಗಿನ ಮಂದಿ ಎಲ್ಲಾ ಒಕ್ಕಲಿಗರು. ಒಬ್ಬರೂ ಈ ಎತ್ತು ಮುಟ್ಟೂದಿಲ್ಲ. ಮಾರಾಟ ಆಗದ ಎತ್ತಿಗೆ ರಾಮಪ್ಪ ಮೇವು ಹಾಕೂದಿಲ್ಲ, ಅದು ಸಂಜೀಕ ಗಂಗವ್ವನ ಗ್ವಾದಲಿಗೆ ತಿರುಗಿ ಬರತೈತಿ ಅಂತ ಎಣಿಸಿದೆ. ಡಬ್ಬಿ ಡಾಕ್ಟರ ಕೈಗೆ ಕೊಟ್ಟು ಹೋಗಿ ನಡುವ ನಿಂತೆ.

"ಬಿದ್ದೈತಿ. ನನ್ನ ಕೈ ಬಿದ್ದೈತಿ. ನಾ ಗಂಡ ಸತ್ತಾಕಿ. ದಿನಾ ಈ ಹೆಗಲ ಮ್ಯಾಲ ಕೈ ಹಾಕೇನಿ. ನನ್ನಂಥಾಕಿ ಇನ್ನೊಬ್ಬಾಕಿನೂ ಹಾಕ್ಯಾಳ. ಒಯ್ಯೂದಾದ್ರ ತಿಳದು ಒಯ್ಯಿ."

ಸುತ್ತಲಿನ ಮಂದಿ ಎತ್ತು ಬಿಟ್ಟು ನನ್ನ ಕೈ ನೋಡಿದ್ರು. ಒಂದಿಬ್ಬರು ಹಿಂದ ಸರದ್ರು. ರಾಮಪ್ಪನ ಮುಖಾ ಬೂದಿ ಆತು. ಗೆದ್ದೆ ಅಂತ ನನಗ ಅನಿಸಿತು, ಸುಳ್ಳ ಯಾಕ ಹೇಳಲಿ.

ಗಾಡಿಯವ ನನ್ನ ಮ್ಯಾಲಿಂದ ಕೆಳಗ ನೋಡಿದ. ಆಮ್ಯಾಲ ಹೆಗಲಿಗೆ ಹೆಬ್ಬೆರಳು ಒತ್ತಿ ಒತ್ತಿ ನೋಡಿದ. ಎತ್ತು ಮಿಸುಕಾಡಲಿಲ್ಲ.

"ನೀವ ಮಾಯಿಸಿದ್ರೇನ್ರಿ ಯಕ್ಕಾ ಇದನ್ನ?"

"ಹೌದು."

"ಭಾಳ ಛಲೋ ಮಾಯಿಸೀರಿ. ನನಗ ಹೊಲ ಇಲ್ಲ, ಬಿತ್ತಿಗಿ ಇಲ್ಲ, ಗಾಡಿ ಹೂಡಾಂವ ನಾನು. ಕೈ ಯಾರದಾದ್ರೇನು? ನನ್ನವು ಇನ್ನ ಎರಡ ಎತ್ತಿನ ಹೆಗಲು ಕೆಟ್ಟಾವ. ನಿಮ್ಮ ದವಾಖಾನಿ ಯಾವ ಊರಾಗ ಐತ್ರಿ?"

ಮಂದಿ ನಕ್ರು. ಹಿಂದ ಸರದವರೂ ಮುಂದ ಬಂದು ನಕ್ರು. ರಾಮಪ್ಪನೂ ನಕ್ಕ, ಎಲ್ಲಾರಕಿಂತ ಜೋರಾಗಿ ನಕ್ಕ. ಟವೆಲ್ ಕೆಳಗ ಮತ್ತ ಕೈ ಹ್ವಾದ್ವು. ಎತ್ತು ಹೊಳಿ ದಾಟಿತು.

ಮರುದಿನ ಮುಂಜಾನಿ ಗಂಗವ್ವನ ಮನಿಗೆ ಹ್ವಾದೆ. ಅಕಿ ಒಲಿ ಮುಂದ ರೊಟ್ಟಿ ಬಡೀತಿದ್ಲು. ನಡದದ್ದು ನಡದಂಗ ಹೇಳಿದೆ, ಒಂದು ಮಾತೂ ಬಿಡಲಿಲ್ಲ. ಅಕಿ ಹೆಂಚಿನ ಮ್ಯಾಲಿನ ರೊಟ್ಟಿ ತಿರುವಿ ಹಾಕಿದ್ಲು.

"ಗಾಡಿಯವ ನಕ್ಕನೇನು?"

"ಇಲ್ಲ. ಅಂವ ದವಾಖಾನಿ ದಾರಿ ಕೇಳಿದ. ಉಳದವರು ನಕ್ರು."

"ನಮ್ಮೂರವರೂ ಇದ್ರೇನು ಅದರಾಗ?"

"ಇದ್ರು."

ಅಕಿ ರೊಟ್ಟಿ ತಗದು ಬುಟ್ಟಿಗೆ ಹಾಕಿದ್ಲು, ಒಲಿ ಕಟಗಿ ಹಿಂದ ಜಗ್ಗಿದ್ಲು.

"ಹಂಗಾದ್ರ ಇಷ್ಟ ವರ್ಷ ನಾವು ಅಂಜಿದ್ದು ಯಾರಿಗೆ ಬೇ?"

ಅಕಿ ಉತ್ತರಕ್ಕ ಕಾಯಲಿಲ್ಲ. ಎರಡು ರೊಟ್ಟಿ ಅರಿವ್ಯಾಗ ಕಟಗೊಂಡು, ಕುರಪಿ ತಗೊಂಡು ಎದ್ಲು. ರಾಮಪ್ಪ ಲಾವಣಿ ಹಿಡದ ಹೊಲದಾಗ ಅವನ ಆಳುಗಳ ಜೋಡಿ ಕಸಾ ತಗ್ಯಾಕ ಹೋಗಬೇಕಾಗಿತ್ತು. ಹೊಲ ಅಕಿದ.